ಅಫ್ಘಾನ್ ಆಟಗಾರರ ಬಸ್ಸು

ಗಚ್ಚಿಬೌಲಿ, ಹೈದರಾಬಾದ್, ಆಗಸ್ಟ್ ೨೦೦೮

ಸೋಮಣ್ಣನವರಿಗೆ ಗದಿಗೆಮ್ಮನ ನಮಸ್ಕಾರಗಳು.

ಏಷ್ಯಾ ದೇಶಗಳ ಫುಟ್‌ಬಾಲ್ ಪಂದ್ಯಾವಳಿಗೆ ಬಂದ ಅಫ್ಘಾನ್ ತಂಡದ ಬಸ್ಸು ನಡೆಸುವ ನಿಮ್ಮ ಹೆಸರು ನನಗೆ ಆಮೇಲೆ ತಿಳಿಯಿತು. ಅಂದು ಕಟ್ಟಡದ ಕೆಲಸದಲ್ಲಿದ್ದಾಗಲೇ ನನಗೆ ಹೆರಿಗೆ ನೋವು ಬಂತು. ಆ ಮಳೆಯಲ್ಲಿ ಒಂದೂ ಆಟೋ ನಿಲ್ಲಲಿಲ್ಲ. ನೀವು ಬಸ್ಸು ನಿಲ್ಲಿಸಿ, ನಮ್ಮ ಮಾತು ಕೇಳಿ, "ಹತ್ತವ್ವಾ ತಂಗಿ, ಅಂಜಬ್ಯಾಡ, ನಾನೂ ಬೀದರ ಕಡಿಯಾವ," ಎಂದು ನನ್ನನ್ನೂ ನಮ್ಮ ಮನೆಯವರನ್ನೂ ಹತ್ತಿಸಿಕೊಂಡಿರಿ. ಆಟಗಾರರು ಸೀಟು ಬಿಟ್ಟುಕೊಟ್ಟು ನಿಂತರು. ಅವರಲ್ಲಿ ಎತ್ತರದವನೊಬ್ಬ ತನ್ನ ಕೋಟು ಹೊದಿಸಿ, ಆಸ್ಪತ್ರೆ ಬರುವವರೆಗೂ ನನ್ನ ಕೈ ಬಿಡಲಿಲ್ಲ. ಆ ದಿನ ಅವರ ಅಭ್ಯಾಸವೇ ತಪ್ಪಿತಂತೆ.

ಮಗಳು ಹುಟ್ಟಿದ್ದಾಳೆ. ಇಬ್ಬರೂ ಆರಾಮಾಗಿದ್ದೇವೆ. ಕೋಟನ್ನು ಒಗೆದು ಕಳಿಸಿದ್ದೇನೆ. ಅವರು ಊರಿಗೆ ಹೊರಡುವ ಮೊದಲು ದಯವಿಟ್ಟು ತಲುಪಿಸಿ, ಅವನ ಹೆಸರೇನೆಂದು ತಿಳಿಸಿ.

ಮೊನ್ನೆ ಭಾರತಕ್ಕೂ ಅಫ್ಘಾನ್ ತಂಡಕ್ಕೂ ಪಂದ್ಯವಿದ್ದಾಗ ನಮ್ಮ ಮನೆಯವರು ಮೊದಲ ಸಲ ಫುಟ್‌ಬಾಲ್ ನೋಡಲು ಹೋಗಿದ್ದರು. ಭಾರತ ಗೆದ್ದಿತು. ಆದರೆ ಆ ಎತ್ತರದವನ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಇವರು ಎದ್ದು ಚಪ್ಪಾಳೆ ಹೊಡೆದರಂತೆ.

"ನೀ ಯಾರ ಕಡಿ ಅದೀಯೋ?" ಎಂದು ಜೊತೆಗೆ ಹೋದ ಕೆಲಸದವರು ಗದರಿದರು.

"ಭಾರತದ ಕಡೀನ ಅದೀನಿ. ಆದ್ರ ಅವ ನನ್ನ ಹೆಂಡ್ತಿ ಅಣ್ಣ ಅದಾನ," ಎಂದರಂತೆ.

ನಿಮ್ಮ ಉಪಕಾರ ಮರೆಯದ
ಗದಿಗೆಮ್ಮ