ಅಪ್ಪನ ದನಿ ನಿಂತ ಹತ್ತೊಂಬತ್ತು ದಿನ

ಮನೆಯಿಂದ,
ಮಾರ್ಚ್ ೧೨, ಭಾನುವಾರ ಬೆಳಗ್ಗೆ

ಅಣ್ಣನಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಣಿಸಿದರೆ ಕಾಣಿಸಲಿ. ನಿನ್ನ ಬೆನ್ನುನೋವು ಹೇಗಿದೆ? ಅತ್ತಿಗೆಯ ಕೆಮ್ಮು ಕಡಿಮೆಯಾಯಿತೇ? ಇವೆರಡನ್ನೂ ಕೇಳು ಎಂದು ಅಪ್ಪ ಚೀಟಿಯಲ್ಲಿ ಬರೆದು ಕೊಟ್ಟರು. ಕೈ ನಡುಗುವುದರಿಂದ ಆ ಎರಡು ಸಾಲಿಗೆ ಅವರಿಗೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಕಷ್ಟಪಟ್ಟರಲ್ಲ ಅಂತ ಕೇಳಿದ್ದೇನೆ, ಇಲ್ಲದಿದ್ದರೆ ಕೇಳುತ್ತಿರಲಿಲ್ಲ.

ಅಪ್ಪನ ಕಂಪ್ಯೂಟರ್ ನಿಂತದ್ದು ನನ್ನಿಂದಲೇ, ಒಪ್ಪಿಕೊಳ್ಳುತ್ತೇನೆ. ಗುಡಿಸುವಾಗ ಪೊರಕೆ ತಗುಲಿ ಹೊರಗಿನ ಡ್ರೈವಿನ ಕೇಬಲ್ ಕಳಚಿತ್ತು. ನಾನು ನೋಡದೆ ಸ್ವಿಚ್ ಹಾಕಿದೆ. ಒಳಗಿನ ಡಿಸ್ಕ್ ಕೆಟ್ಟ ಮೇಲೆ ಎಲ್ಲವೂ ಆ ಡ್ರೈವಿನಿಂದಲೇ ಶುರುವಾಗುವ ಹಾಗೆ ಮಾಡಿಟ್ಟವನು ನೀನು. ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋಗುವ ಮುಂಚೆ ಅಪ್ಪ ತಮ್ಮ ದನಿಯಲ್ಲಿ ಹೇಳಿಟ್ಟ ಮಾತುಗಳೂ ಅದರಲ್ಲೇ ಇವೆ. ಒಂದು ಗುಂಡಿ ಒತ್ತಿದರೆ ‘ನೀರು ಬೇಕು’, ಇನ್ನೊಂದು ಒತ್ತಿದರೆ ‘ಕಿಟಕಿ ಮುಚ್ಚು’. ಅಪ್ಪನಿಗೆ ದನಿ ಕೊಟ್ಟವನು ನಾನೇ ಎಂದು ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗಿದೆಯಲ್ಲ, ಆ ದನಿ ಹತ್ತೊಂಬತ್ತು ದಿನ ಇರಲಿಲ್ಲ. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದ ಒಂದು ಸಾಲು ಮಾತ್ರ ಬರುತ್ತಿತ್ತು. ಅಪ್ಪ ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತು, ಗುಂಡಿಗಳನ್ನು ಸುಮ್ಮನೆ ಒಂದೊಂದಾಗಿ ಒತ್ತುತ್ತಿದ್ದರು. ಮೂವತ್ತು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗಿದ ಮನುಷ್ಯ.

ಕೇಬಲ್ ಮತ್ತೆ ಚುಚ್ಚಿದರೂ ಶುರುವಾಗಲಿಲ್ಲ, ಬೇರೆ ಕೇಬಲ್ ಹಾಕಿದೆ. ಮುಂದಿನ ತೂತಿನಿಂದ ತೆಗೆದು ಹಿಂದಿನದಕ್ಕೆ ಚುಚ್ಚಿದೆ. ಡ್ರೈವಿನ ದೀಪ ಮಿನುಗುತ್ತಿತ್ತು, ಕಿವಿ ಇಟ್ಟರೆ ತಿರುಗುವ ಸದ್ದೂ ಕೇಳುತ್ತಿತ್ತು. ಅಂದರೆ ಅದಕ್ಕೆ ಜೀವವಿತ್ತು. ಸೆಟ್ಟಿಂಗ್ ನೋಡೋಣವೆಂದರೆ ನೀನು ಹಾಕಿಟ್ಟ ಪಾಸ್‌ವರ್ಡ್ ಕೇಳಿತು. ನಿನಗೆ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ಎತ್ತಿ ನೀನು ಹೇಳಿದ್ದು ಅಕ್ಷರ ಬಿಡದೆ ನೆನಪಿದೆ: “ಪಾಸ್‌ವರ್ಡ್ ಮರೆತುಹೋಗಿದೆ. ಅದು ಹಳೇ ಡಬ್ಬ, ಎಸೆದುಬಿಡು. ನೀನಂತೂ ಕೈ ಹಾಕ್ಬೇಡ, ಇರೋದನ್ನೂ ಕೆಡಿಸ್ತೀಯ.” ಪಕ್ಕದಲ್ಲಿ ಅಪ್ಪ ಕೂತಿದ್ದರು. ನಿನ್ನ ದನಿ ಫೋನಿನಿಂದಾಚೆಗೂ ಕೇಳುತ್ತದೆ ಎಂದು ನಿನಗೆ ಗೊತ್ತಿರಬೇಕಿತ್ತು.

ಕೈ ಹಾಕಿದೆ. ನಮ್ಮ ಅಂಗಡಿಯಲ್ಲಿ ದಿನವೂ ನೂರು ಕನ್ನಡಕದ ಸ್ಕ್ರೂ ಬಿಗಿಯುವವಳಿಗೆ ಕಂಪ್ಯೂಟರಿನ ನಾಲ್ಕು ಸ್ಕ್ರೂ ಯಾವ ಲೆಕ್ಕ? ಮೊದಲು ನಮ್ಮ ಬೀದಿಯ ರಿಪೇರಿ ಅಂಗಡಿಯ ಹೆಂಗಸಿನ ಹತ್ತಿರ ಹೋಗಿ ಕೇಳಿದೆ. ಹಳೆಯ ಕಂಪ್ಯೂಟರುಗಳು ಹಾಗೆಯೇ ಅಂತೆ. ಒಮ್ಮೆ ಡ್ರೈವ್ ಇಲ್ಲದೆ ಶುರುವಾದರೆ ಯಾವುದರಿಂದ ಶುರುವಾಗಬೇಕೆಂಬ ಪಟ್ಟಿಯಿಂದಲೇ ಅದನ್ನು ಬಿಟ್ಟು, ಕೆಟ್ಟ ಡಿಸ್ಕಿನ ಬಾಗಿಲನ್ನೇ ತಟ್ಟುತ್ತಾ ಕೂರುತ್ತವೆ. ಪಾಸ್‌ವರ್ಡಿಗೂ ಆಕೆ ಉಪಾಯ ಹೇಳಿದರು. ವೈರ್ ಕಿತ್ತು, ಒಳಗಿನ ನಾಣ್ಯದಂಥ ಬ್ಯಾಟರಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಬೇಕು. “ಬೀಗ ಹಾಕಿದ್ದು ಯಾರು, ಕಳ್ಳರಾ?” ಎಂದು ಕೇಳಿದರು. ನಮ್ಮಣ್ಣ ಎಂದೆ.

ನಿನ್ನ ಬೀಗ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಹೋಯಿತು. ಡ್ರೈವಿನ ಹೆಸರನ್ನು ಪಟ್ಟಿಯ ಮೇಲಕ್ಕೆ ತಂದು ಉಳಿಸಿದೆ. ಪರದೆ ಬೆಳಗಿತು. ಅಪ್ಪ ನನ್ನ ಕೈ ಸರಿಸಿ ತಾವೇ ಗುಂಡಿ ಒತ್ತಿದರು. ‘ನೀರು ಬೇಕು’ ಎಂದಿತು. ತಂದುಕೊಟ್ಟೆ, ಕುಡಿಯಲಿಲ್ಲ. ಮತ್ತೆ ಅದನ್ನೇ ಒತ್ತಿದರು.

ಇನ್ನು ನಿನ್ನ ಸಲಹೆ ಬೇಡ. ಹೊಸ ಪಾಸ್‌ವರ್ಡನ್ನೂ ಕೇಳಬೇಡ. ಅತ್ತಿಗೆಗೆ ನನ್ನ ನಮಸ್ಕಾರ. ಅಪ್ಪನ ಆಶೀರ್ವಾದ ನಿನಗಿದೆ, ಅದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ.

ಇಂತಿ,
ತಂಗಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದನ್ನು ಹೇಳಿಬಿಡುತ್ತೇನೆ. ಡ್ರೈವಿನಲ್ಲಿ ‘ಬೇಡದ್ದು’ ಎಂಬ ಫೋಲ್ಡರ್ ಸಿಕ್ಕಿತು. ಅದರಲ್ಲಿ ಅಪ್ಪ ‘ಚುಕ್ಕೀ, ಇಲ್ಲಿ ಬಾಮ್ಮಾ’ ಎಂದು ನನ್ನನ್ನು ಕರೆದದ್ದಿದೆ, ಒಂದಲ್ಲ, ಆರು ಸಲ. ನಿನ್ನನ್ನು ಕರೆಯುವುದಕ್ಕೆ ಮೊದಲನೆಯ ಗುಂಡಿಯೇ ಇತ್ತು. ನನ್ನನ್ನು ನಾಲ್ಕು ವರ್ಷ ಚಪ್ಪಾಳೆ ತಟ್ಟಿ ಕರೆದರು, ನನ್ನ ಹೆಸರು ಹೇಳಿಡುವುದು ಅವರಿಗೆ ಹೊಳೆಯಲಿಲ್ಲ ಎಂದುಕೊಂಡಿದ್ದೆ. ಇದೇನಪ್ಪಾ ಎಂದು ಕೇಳಿದ್ದಕ್ಕೆ ‘ಅದು ಸರಿಯಾಗಿ ಬಂದಿಲ್ಲ ಅಂದ ಅಣ್ಣ’ ಎಂದು ಬರೆದರು. ಆರನ್ನೂ ಕೇಳಿದೆ. ಆರೂ ಸರಿಯಾಗಿಯೇ ಬಂದಿವೆ. ಯಾಕೆ ಹಾಗೆ ಮಾಡಿದೆ ಎಂದು ನಾನು ಕೇಳುವುದಿಲ್ಲ, ನೀನೂ ಬರೆಯಬೇಡ. ಒಂದನ್ನು ಗುಂಡಿಗೆ ಹಾಕಿದ್ದೇನೆ. ಸಾಕು, ಒಳಗಿಂದ ಅಪ್ಪ ಕರೆಯುತ್ತಿದ್ದಾರೆ.