ನಿನ್ನ ಪಾಲಿನ ಎರಡು ಕೊಡ

ಕುಷ್ಟಗಿ
೨೪ ಏಪ್ರಿಲ್ ೨೦೨೬

ಹೇಮಾವತಿಗೆ,

‘ಎಂಥ ನೀರು ಅಂತ...’ ಎಂದು ನೀನು ಶುರು ಮಾಡಿದ್ದೆ. ಆ ಮಾತನ್ನು ನೀನು ಮುಗಿಸಲಿಲ್ಲ. ಹೋದ ಬೇಸಿಗೆಯಲ್ಲಿ ಅಕ್ಕನ ಮಗ ಯಂಕೇಶನ ಮದುವೆಗೆ ಹೊರಟಿದ್ದೆವು. ಜೀಪು ಬಾಗಿಲಲ್ಲಿ ನಿಂತಿತ್ತು, ನೆಂಟರು ಆಗಲೇ ಹತ್ತಿ ಕೂತಿದ್ದರು. ನಿನ್ನ ಜಡೆ ಪುಂಡಿ ನಾರಿನ ಹಗ್ಗದಂತಾಗಿದೆ ಎಂದು ನಾನು ಹೇಳಿದೆ, ಅವರು ನಕ್ಕರು. ನೀನು ಅರ್ಧ ಮಾತಾಡಿ ಸುಮ್ಮನೆ ಹತ್ತಿ ಕೂತೆ. ಉಳಿದರ್ಧ ಕೇಳಬೇಕು ಎಂದು ಆಗ ಅನ್ನಿಸಲಿಲ್ಲ.

ವಕೀಲರ ಕಾಗದ ಶಿವರಾತ್ರಿಯ ಮರುದಿನ ಬಂತು. ಇಬ್ಬರೂ ಒಪ್ಪಿ ಬೇರೆಯಾಗುವ ಅರ್ಜಿ. ನಿನ್ನ ಸಹಿ ಆಗಿತ್ತು. ಏಪ್ರಿಲ್ ಮುಗಿಯುವುದರೊಳಗೆ ನನ್ನದನ್ನೂ ಹಾಕಿ ಕಳಿಸಬೇಕೆಂದು ನೀನು ಚೀಟಿ ಇಟ್ಟಿದ್ದೆ. ನೀನು ಹುಲಿಹೈದರದ ಶಾಲೆಗೆ ವರ್ಗ ಕೇಳಿಕೊಂಡು ಹೋಗಿ ಎಂಟು ತಿಂಗಳಾಗಿತ್ತು. ನಿನ್ನ ಕುಂಡಗಳಲ್ಲಿ ಬಿರುಕು ಬಿಟ್ಟ ಮಣ್ಣಷ್ಟೇ ಉಳಿದಿತ್ತು. ಅವತ್ತೇ ಸಂಜೆ ನರ್ಸರಿಗೆ ಹೋಗಿ ಆರು ದುಂಡುಮಲ್ಲಿಗೆ, ಒಂದು ಟ್ರೇ ಚೆಂಡುಹೂವಿನ ಸಸಿ ತಂದೆ. ಗಿಡಗಳು ಆ ಗಡುವಿನವರೆಗೆ ಬದುಕಿದರೆ ಸಹಿ ಹಾಕುವುದಿಲ್ಲ, ಸತ್ತರೆ ಹಾಕುತ್ತೇನೆ ಎಂದು ನನ್ನೊಳಗೇ ಪಣ ಕಟ್ಟಿದ್ದೆ. ಐವತ್ತೆರಡು ವರ್ಷದವನು ಮಾಡುವ ಕೆಲಸವಲ್ಲ. ಆದರೂ ಮಾಡಿದೆ.

ಮಲ್ಲಿಗೆಯನ್ನು ಕುಂಡಗಳಿಗೆ ಹಾಕಿದೆ. ಕಂಪೌಂಡ್ ಗೋಡೆಯ ಬುಡದಲ್ಲಿ ನೀನು ಮಾಡುತ್ತಿದ್ದಂತೆ ಮಡಿ ಮಾಡಿ, ಒಂದೊಂದು ಗೇಣಿಗೆ ಒಂದರಂತೆ ಚೆಂಡುಹೂವು ಹಚ್ಚಿದೆ. ಬೆಳಿಗ್ಗೆ, ಸಂಜೆ ಬೋರಿನ ನಳಕ್ಕೆ ಪೈಪು ಸಿಕ್ಕಿಸಿ ನೀರು ಬಿಟ್ಟೆ. ಕಡಿಮೆ ಮಾಡಲಿಲ್ಲ. ಹೆಚ್ಚು ಹಾಕಿದಷ್ಟೂ ಎಲೆಯ ಅಂಚು ಸುಟ್ಟಂತೆ ಕಂದಿತು. ಬಿಸಿಲಿಗೆ ಎಂದುಕೊಂಡು ಹಳೆಯ ಧೋತರ ಕಟ್ಟಿ ನೆರಳು ಮಾಡಿದೆ. ಯುಗಾದಿಯ ಹೊತ್ತಿಗೆ ಕುಂಡಗಳ ಹೊರಮೈ ಮೇಲೆ ಬಿಳಿ ಪುಡಿ ಕಟ್ಟಿತ್ತು. ಗಿಡಗಳು ಹೋಗಿದ್ದವು.

ಅವನ್ನು ಕಿತ್ತು ಹಾಕುತ್ತಿದ್ದಾಗ ಪಕ್ಕದ ಮನೆಯ ಇಮಾಮಬಾನು ಗೋಡೆಯಾಚೆಯಿಂದ ನೋಡಿದರು. ‘ಅಣ್ಣಾರ, ಅವು ಬಿಸಲಿಗೆ ಸತ್ತಿದ್ದಲ್ರಿ. ಆ ನೀರ ಒಂದೀಟ ಬಾಯಾಗ ಹಾಕ್ಕೊಂಡು ನೋಡ್ರಿ’ ಅಂದರು. ಹಾಕಿಕೊಂಡೆ. ಉಪ್ಪು. ಹಾಗಾದರೆ ಹೇಮಾವತಿ ಇಷ್ಟು ವರ್ಷ ಏನು ಹಾಕುತ್ತಿದ್ದಳು ಎಂದು ಕೇಳಿದೆ. ಅವರು ಗೋಡೆಗೆ ಇನ್ನಷ್ಟು ಹತ್ತಿರ ಬಂದರು.

‘ಇಪ್ಪತ್ತ ವರ್ಷ ಒಂದ ಮನ್ಯಾಗಿದ್ದು ನನ್ನ ಕೇಳ್ತೀರಲ್ರಿ. ಊರ ನಳದಾಗ ಬರೂ ಹೊಳಿ ನೀರ್ರಿ. ನಳ ಬಂದ ದಿನ ತುಂಬಿಟ್ಟಿದ್ದರಾಗ ಮೊದಲ ನಿಮ್ಮ ಜಳಕಕ್ಕ ಹಂಡೇಕ ಹಾಕಾಕಿ. ತನ್ನ ಪಾಲಿನ ಎರಡು ಕೊಡ ಗಿಡಕ್ಕ. ತಾನು ಆ ಬೋರಿನ ನೀರಾಗ ತಲಿ ತೊಳ್ಕೊಳ್ಳಾಕಿ. ಹಗ್ಗ ಆಗದ ಮತ್ತೇನಾಕ್ಕೈತ್ರಿ?’

ಹಗ್ಗದ ಮಾತು ಅವರ ತನಕ ಹೇಗೆ ಹೋಯಿತು ಎಂದು ನಾನು ಕೇಳಲಿಲ್ಲ.

ಇದನ್ನು ನೀನು ನನಗೆ ಯಾವತ್ತೂ ಹೇಳಲಿಲ್ಲ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದು ಹಾಕಿದ್ದೇನೆ, ನೋಡು.

ಸೋತ ಪಣವನ್ನೇ ಮತ್ತೆ ಕಟ್ಟಿ ಸಸಿ ತಂದೆ. ಕುಂಡದ ಮಣ್ಣು ಬದಲಿಸಿದೆ, ಮಡಿಗೆ ಹಳೆಯ ತಿಪ್ಪೆಗೊಬ್ಬರ ಹಾಕಿದೆ. ಈ ಸಲ ಹೊಳೆಯ ನೀರು ಗಿಡಗಳಿಗೆ, ಬೋರಿನ ನೀರು ನನಗೆ. ಒಬ್ಬನಿಗೆ ಹೊಳೆಯ ನೀರು ಸಾಲುವುದಿಲ್ಲ ಎಂದಲ್ಲ. ಹೇಗಿರುತ್ತದೆ ಎಂದು ತಿಳಿಯಬೇಕಿತ್ತು. ಸೋಪು ನೊರೆ ಬಿಡುವುದಿಲ್ಲ. ಎಷ್ಟು ಸುರಿದುಕೊಂಡರೂ ಮೈಮೇಲೆ ಏನೋ ಉಳಿದೇ ಇರುತ್ತದೆ. ಇದ್ದ ನಾಲ್ಕು ಕೂದಲೂ ಬಾಚಣಿಗೆಗೆ ಸಿಕ್ಕಿಕೊಳ್ಳುತ್ತವೆ. ನನಗೆ ಐದು ವಾರವಾಯಿತು. ನೀನು ಇಪ್ಪತ್ತು ಬೇಸಿಗೆ ಕಳೆದೆ.

ಗಿಡಗಳು ಹತ್ತಿಕೊಂಡವು. ಮಲ್ಲಿಗೆ ಮೊಗ್ಗಾಗಿದೆ. ಚೆಂಡುಹೂವಿನಲ್ಲಿ ಮೊದಲನೆಯದು ನಿನ್ನೆ ಅರಳಿತು, ಸಣ್ಣದು, ಒಂದು ಕಡೆ ವಾಲಿದೆ. ಪಣದ ಪ್ರಕಾರ ನಾನು ಸಹಿ ಹಾಕಬಾರದು.

ಹಾಕಿದ್ದೇನೆ. ಅವು ಬದುಕಿದ್ದು ಹೇಗೆ ಎಂದು ಗೊತ್ತಾದ ಮೇಲೆ, ಅದನ್ನೇ ನೆಪ ಮಾಡಿ ನಿನ್ನನ್ನು ಮತ್ತೆ ಆ ಬಚ್ಚಲಿಗೆ ಕರೆಯಲು ಮನಸ್ಸು ಬರಲಿಲ್ಲ. ಕಾಗದ ಈ ಲಕೋಟೆಯಲ್ಲಿದೆ. ಅದರ ಮೂಲೆಯಲ್ಲಿರುವ ಕೆಂಪು ಕಲೆ ಮಣ್ಣಿನದು. ವಕೀಲರು ಕೇಳಿದರೆ ಹಾಗೆಂದು ಹೇಳು.

ಗಿಡಗಳಿಗೆ ನೀರು ಹಾಕಿ ಬಂದು ಬರೆದ,
ಶರಣಬಸಪ್ಪ

ತಾ.ಕ.: ಮಡಿಯಲ್ಲಿ ದಿನಕ್ಕೊಂದು ಹೂವು ಕಡಿಮೆಯಾಗುತ್ತದೆ ಎಂದು ನೀನು ಇಮಾಮಬಾನು ಅವರ ಆಡಿನ ಮೇಲೆ ಜಗಳ ತೆಗೆದಿದ್ದೆ. ‘ನಮ್ಮ ಆಡು ತಿಂದ್ರ ಗಿಡಾನ ತಿಂತಿತ್ತವ್ವ, ಹಬ್ಬದ ಉಪಾಸ ಮಾಡಿದಂಗ ಒಂದ ಹೂವು ತಿಂತದೇನು?’ ಎಂದು ಅವರೂ ಬಿಟ್ಟಿರಲಿಲ್ಲ. ಆಡಲ್ಲ, ನಾನು. ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ಒಂದು ಗ್ಲಾಸಿನಲ್ಲಿ ಇಡುತ್ತಿದ್ದೆ. ಯಾರಾದರೂ ಛಲೋ ಐತ್ರಿ ಅಂದರೆ, ನಮ್ಮ ಮನಿಯಾಕಿ ಬೆಳಸ್ಯಾಳ ಅನ್ನುತ್ತಿದ್ದೆ. ಕಚೇರಿಗೆಲ್ಲ ಹೇಳಿದ್ದನ್ನು ಮನೆಯಲ್ಲಿ ಹೇಳಲಿಲ್ಲ. ಮೊನ್ನೆ ಇಮಾಮಬಾನು ಅವರ ಮುಂದೆ ಒಪ್ಪಿಕೊಂಡೆ. ‘ನನ್ನ ಮುಂದ ಬ್ಯಾಡ, ಆಡಿನ ಮುಂದ ಹೇಳ್ರಿ’ ಅಂದರು.

ಇನ್ನೊಂದು ಕೇಳುವುದಿತ್ತು. ತಡವಾಗಿದೆ, ಗೊತ್ತು. ಹುಲಿಹೈದರದಲ್ಲಿ ನೀನು ತಲೆಗೆ ಹಾಕಿಕೊಳ್ಳುವುದು ಎಂಥ ನೀರು?