ಹೇಳಿ ಬರೆಸಿದ ಮುಖ

ಭಾನುವಾರ, ಡಿಸೆಂಬರ್ ೨೮

ಪ್ರೀತಿಯ ಅಕ್ಕಾ,

ನಿನ್ನ ತಂಗಿಯ ನಮಸ್ಕಾರ. ಮೊದಲು ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ನಿನ್ನ ಕಾಗದಗಳು ಬಂದು ಕೂತಿವೆ, ಒಂದಕ್ಕೂ ಉತ್ತರ ಬರೆದಿಲ್ಲ. ಏನು ಮಾಡಲಿ, ಈ ತಿಂಗಳೆಲ್ಲ ನನ್ನ ಕೈ ನನ್ನದಾಗಿರಲಿಲ್ಲ. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ. ‘ಸ’ ಎನ್ನಲು ಹೋಗಿ ಸೀಟಿ ಹೊಡೆಯುತ್ತಾಳೆ. ಇವರು ಎಂದಿನಂತೆ ಬಸ್ಸು ಓಡಿಸಿ ಬಂದು, ಉಂಡು ಮಲಗುತ್ತಾರೆ. ಸುದ್ದಿ ಇರುವುದು ನನ್ನದು. ನಿನಗೆ ಹೇಳದೆ ಹೊಟ್ಟೆ ಉಬ್ಬಿಕೊಂಡಿದೆ.

ನಮ್ಮ ಬೀದಿಯ ಕೊನೆಯಲ್ಲಿ, ಇಲ್ಲದವರಿಗೆ ಅಕ್ಕಿಬೇಳೆ ಹಂಚುವ ಉಗ್ರಾಣವಿದೆ ಎಂದು ಹಿಂದೆ ಬರೆದಿದ್ದೆನಲ್ಲ. ಅದನ್ನು ನಡೆಸುವ ನಿವೃತ್ತ ನರ್ಸನ್ನು ಎಲ್ಲರೂ ಉಗ್ರಾಣದಮ್ಮ ಎಂದೇ ಕರೆಯುವುದು. ವರ್ಷದ ಕೊನೆಯ ರಜೆ ಬಂದರೆ ಶಾಲೆಯ ಮಧ್ಯಾಹ್ನದ ಊಟ ನಿಲ್ಲುತ್ತದೆ, ಮಕ್ಕಳೆಲ್ಲ ಮನೆಯಲ್ಲೇ ಉಣ್ಣಬೇಕು, ಉಗ್ರಾಣದ ಮುಂದಿನ ಸಾಲು ಬೆಳೆಯುತ್ತದೆ. ಈ ಸಲ ರಜೆಗೆ ಮುಂಚೆಯೇ ಕಪಾಟುಗಳು ಬೋಳು ಬೋಳಾಗಿದ್ದವು. ಹೀಗೇ ಬಿಟ್ಟರೆ ಬಾಗಿಲು ಹಾಕಬೇಕಾಗುತ್ತದೆ ಎಂದು ಉಗ್ರಾಣದಮ್ಮ ಶಾಲೆಯ ಸಭಾಂಗಣದಲ್ಲಿ ಕಲೆಯ ಸಂತೆ ಹೂಡಿದರು. ಹಾಡುವವರು ಹಾಡುವುದು, ಮಡಕೆ ಮಾಡುವವರು ಮಡಕೆ ಇಡುವುದು. ಬಂದವರು ತಮಗೆ ಹಿಡಿಸಿದ್ದಕ್ಕೆ ದುಡ್ಡಿನ ಬದಲು ಮನೆಯಿಂದ ತಂದ ಅಕ್ಕಿಯನ್ನೋ ಎಣ್ಣೆಯನ್ನೋ ಕೊಡುವುದು.

ನನ್ನ ಪಾಲಿಗೆ ಬಂದದ್ದು ಬೋರ್ಡು ಬರೆಯುವ ಕೆಲಸ. ಅಂಗಡಿಯವರು ಈಗ ಬೋರ್ಡುಗಳನ್ನೆಲ್ಲ ಮಷಿನ್ನಿನಲ್ಲೇ ಮಾಡಿಸುತ್ತಾರೆ. ತುಂಬಾ ದಿನದ ಮೇಲೆ ಕುಂಚ ಹಿಡಿದ ಖುಷಿಗೆ ಬಾಗಿಲ ಮೇಲೆ ‘ನಿಮ್ಮ ಮುಖ ಬರೆಸಿಕೊಳ್ಳಿ’ ಎಂದು ಆಳೆತ್ತರದ ಅಕ್ಷರ ಬರೆದೆ. ಪೇಟೆಯಿಂದ ಒಬ್ಬ ದೊಡ್ಡ ಚಿತ್ರಕಾರರು ಬರುವವರಿದ್ದರು. ಜನ ಬಂದದ್ದೇ ಅವರಿಗಾಗಿ. ಅವರು ಮಾತ್ರ ಬರಲಿಲ್ಲ, ಜ್ವರವಂತೆ. ಕಾದು ಕಾದು ಬೇಸತ್ತವರು ತಂದ ಚೀಲವನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಕಡೆ ಹೊರಟರು. ಅಕ್ಕಾ, ಆ ಚೀಲಗಳು ವಾಪಸ್ ಹೋಗುವುದನ್ನು ನೋಡುವುದಕ್ಕಾಗುತ್ತಿರಲಿಲ್ಲ.

ಉಗ್ರಾಣದಮ್ಮ ನನ್ನ ತೋಳು ಹಿಡಿದು ಸ್ಟೂಲಿನ ಎದುರು ತಂದು ಕೂರಿಸಿದರು. ನಾನು ಅಕ್ಷರ ಬರೆಯುವವಳು, ಮುಖ ಬರೆದವಳಲ್ಲ ಎಂದು ಗೋಗರೆದೆ.

“ಅಕ್ಷರಕ್ಕೆ ತಲೆಕಟ್ಟು ಇರಲ್ವಾ? ಮನುಷ್ಯರಿಗೂ ತಲೆ ಇರುತ್ತೆ. ಬರಿ,” ಅಂದರು.

ಮೊದಲು ಬಲಿಯಾದವರು ಸಂಗೀತದ ಮೇಷ್ಟ್ರು. ಕಿವಿಗೆ ‘ಲ’ವನ್ನೂ ಮೂಗಿಗೆ ‘ಗ’ವನ್ನೂ ನೆನೆಸಿಕೊಂಡು ಪೆನ್ಸಿಲ್ ಓಡಿಸಿದೆ. ಮುಗಿದ ಮೇಲೆ ನೋಡಿದರೆ ಪಾಪ, ಮೇಷ್ಟ್ರು ಜೈಲಿನಿಂದ ತಪ್ಪಿಸಿಕೊಂಡು ಬಂದವರ ಹಾಗಿದ್ದರು. ಅವರು ಕೋಪ ಮಾಡಿಕೊಳ್ಳದೆ ಹಾಳೆಯನ್ನು ಎತ್ತಿ ಹಿಡಿದು ವೇದಿಕೆಯ ಮೇಲೆಲ್ಲ ಓಡಾಡಿದರು. ಸಭಾಂಗಣಕ್ಕೆ ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಬಾಗಿಲವರೆಗೆ ಹೋಗಿದ್ದವರು ಏನದು ಎಂದು ತಿರುಗಿ ಬಂದರು. ತಮ್ಮ ಮುಖ ಎಷ್ಟು ಕೆಡುತ್ತದೆಂದು ನೋಡುವ ಕುತೂಹಲ ಎಲ್ಲರಿಗೂ. ಬರೆಯುತ್ತಾ ಬರೆಯುತ್ತಾ ಕೈ ಪಳಗಿತು. ಹಾಲಿನವನ ಮುಖ ಹಾಲಿನವನದೇ ಆಯಿತು, ಟೈಲರಮ್ಮನ ಕನ್ನಡಕ ಟೈಲರಮ್ಮನ ಮೂಗಿನ ಮೇಲೆಯೇ ಕೂತಿತು.

ಆಗ ಬಂದವರು ಬೀಗದಜ್ಜ. ಬೀದಿ ತಿರುವಿನಲ್ಲಿ ಕೂತು ಬೀಗ ರಿಪೇರಿ ಮಾಡುತ್ತಾರೆ, ಯಾರೊಡನೆಯೂ ಮಾತಿಲ್ಲ. ಸಕ್ಕರೆಯ ಪೊಟ್ಟಣ ಮೇಜಿನ ಮೇಲಿಟ್ಟರು, ಆದರೆ ಸ್ಟೂಲಿನ ಮೇಲೆ ಕೂರಲಿಲ್ಲ.

“ನಂದು ಬೇಡಮ್ಮ. ನನ್ನ ಹೆಂಡ್ತಿದು ಬರಿ.”

ಆಕೆ ಹೋದ ವರ್ಷ ತೀರಿಕೊಂಡಿದ್ದರು. ನಾನು ಅವರನ್ನು ನೋಡಿರಲೇ ಇಲ್ಲ. ಫೋಟೋ ಇದೆಯೇ ಎಂದು ಕೇಳಿದೆ.

“ಮದುವೆದು ಒಂದಿದೆ. ಅದ್ರಲ್ಲಿ ಯಾವಳೋ ಹುಡುಗಿ ತಲೆ ತಗ್ಗಿಸಿಕೊಂಡು ನಿಂತಿದಾಳೆ. ನನ್ನ ಜೊತೆ ಸಂಸಾರ ಮಾಡಿದೋಳು ಬೇರೆ. ಬೈಯೋವಾಗ ಹೇಗಿದ್ಲೋ ಹಾಗೆ ಬರಿ.”

ಬೈಯುವಾಗ ಒಂದು ಹುಬ್ಬು ಮೇಲೆ ಹೋಗುತ್ತಿತ್ತು ಎಂದರು. ಯಾವುದು ಎಂದು ಕೇಳಿದರೆ ತಡವರಿಸಿದರು. ಬರೆಸಿಕೊಂಡು ಅಲ್ಲೇ ನಿಂತಿದ್ದ ಹಾಲಿನವನು, ಎಡಗಡೆಯದು, ತಾನು ದಿನಾ ಬೆಳಗ್ಗೆ ಬೈಸಿಕೊಂಡವನು ಎಂದ. ಟೈಲರಮ್ಮ ಕೆನ್ನೆ ಅಷ್ಟು ಬತ್ತಿರಲಿಲ್ಲ ಎಂದರು. ಇನ್ಯಾರೋ ಬೈತಲೆಯನ್ನು ಪಕ್ಕಕ್ಕೆ ಸರಿಸಿದರು. ಸಾಲು ಮುರಿದು ಎಲ್ಲರೂ ನನ್ನ ಸುತ್ತ ಮುತ್ತಿಕೊಂಡರು. ಅವರು ಹೇಳುವುದು, ನಾನು ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಹಾಳೆ ಹರಿಯುವಷ್ಟು ತಿದ್ದಿದೆ. ನಿಧಾನವಾಗಿ ಕಾಗದದೊಳಗಿನಿಂದ ಒಬ್ಬ ಹೆಂಗಸು ನನ್ನನ್ನೇ ಗದರಿಸುವ ಹಾಗೆ ನೋಡತೊಡಗಿದಳು.

ಅಜ್ಜ ಬಹಳ ಹೊತ್ತು ನೋಡಿದರು. “ಹೂಂ. ಇವಳೇ. ಇನ್ನೇನು, ಸಕ್ಕರೆ ಯಾಕೆ ಕೊಟ್ಟೆ ಅಂತ ಶುರು ಮಾಡ್ತಾಳೆ,” ಅಂದರು. ನಗುತ್ತಿದ್ದರು, ಗಲ್ಲವೆಲ್ಲ ಒದ್ದೆಯಾಗಿತ್ತು.

ಅಲ್ಲಿಂದ ಸುದ್ದಿ ಬೀದಿ ಬೀದಿ ಹಾರಿತು. ಮನೆಗೆ ಹೋದವರು ಚೀಲ ತುಂಬಿಕೊಂಡು, ಅಕ್ಕಪಕ್ಕದವರನ್ನೂ ಕರೆದುಕೊಂಡು ಬಂದರು. ಮೇಷ್ಟ್ರು ಹಾಡಿ ಹಾಡಿ ಗಂಟಲು ಕಟ್ಟಿಸಿಕೊಂಡರು. ಮೇಜು ತುಂಬಿ, ವೇದಿಕೆಯ ಕೆಳಗೆಲ್ಲ ತುಂಬಿ, ಕೊನೆಗೆ ಇವರು ಡಿಪೋದಿಂದ ಸ್ನೇಹಿತರನ್ನು ಕರೆತಂದು ಮೂಟೆ ಹೊರಬೇಕಾಯಿತು. ಈ ರಜೆಯಷ್ಟೇ ಅಲ್ಲ, ಬೇಸಿಗೆ ಬರುವವರೆಗೂ ಉಗ್ರಾಣದ ಬಾಗಿಲು ಹಾಕಬೇಕಿಲ್ಲವಂತೆ. ಉಗ್ರಾಣದಮ್ಮ ಅಕ್ಕಿ ಮೂಟೆಯ ಮೇಲೆ ಕೂತು, ದೊಡ್ಡ ಚಿತ್ರಕಾರರಿಗೆ ಮುಂದಿನ ವರ್ಷವೂ ಜ್ವರ ಬರಲಿ ಎಂದು ಹರಸಿದರು. ಇವರಂತೂ ಈಗ ಬಸ್ಸು ಹತ್ತಿದವರಿಗೆಲ್ಲ ನನ್ನ ಹೆಂಡತಿ ಕಲಾವಿದೆ ಎಂದು ಕಂಡಕ್ಟರ್ ಕೊಡುವ ಟಿಕೆಟ್ಟಿನ ಜೊತೆ ಪುಕ್ಕಟೆಯಾಗಿ ಹೇಳಿ ಕಳಿಸುತ್ತಿದ್ದಾರೆ. ನನಗೆ ನಾಚಿಕೆ, ಒಳಗೊಳಗೇ ಹಿಗ್ಗು.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳು ಚೆನ್ನಾಗಿ ಉಂಡು, ಚೆನ್ನಾಗಿ ಜಗಳವಾಡಿಕೊಂಡು ನೂರು ಕಾಲ ಬಾಳಲಿ. ನನ್ನ ತಲೆಯ ಮೇಲೆ ನಿನ್ನ ಕೈ ಯಾವಾಗಲೂ ಇರಲಿ.

ನಿನ್ನ,
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿ ಉಳಿಸಿಕೊಂಡದ್ದು. ಎಲ್ಲರೂ ಹೋದ ಮೇಲೆ ಒಂದು ಹಾಳೆ ಉಳಿದಿತ್ತು. ಅಮ್ಮನನ್ನು ಬರೆಯೋಣವೆಂದು ಕೂತೆ. ಅಮ್ಮ ಹೋದಾಗ ನಾನಿನ್ನೂ ನಿನ್ನ ಸೊಂಟದ ಮೇಲಿದ್ದೆ. ಫೋಟೋ ಅಂತೂ ಇಲ್ಲ. ಅಕ್ಕಾ, ನನಗೆ ಅಮ್ಮನ ಮುಖ ನೆನಪಿಲ್ಲ. ಒಂದಿಷ್ಟೂ ಇಲ್ಲ. ಕಣ್ಣು ಮುಚ್ಚಿ ಬರೆದೆ, ಬಿಟ್ಟು ಬರೆದೆ, ಕೊನೆಗೆ ಹಾಳೆಯ ಮೇಲೆ ಮೂಡಿದ್ದು ನಿನ್ನ ಮುಖ. ಅದನ್ನೇ ಇದರ ಜೊತೆ ಮಡಚಿಟ್ಟಿದ್ದೇನೆ. ಅಮ್ಮ ಎಲ್ಲೆಲ್ಲಿ ನಿನಗಿಂತ ಬೇರೆ ಇದ್ದಳೋ ಅಲ್ಲಲ್ಲಿ ತಿದ್ದಿ ಕಳಿಸು.